ಮನೆ ಕೇಕಿಗೆ ಯಾವ ಹೊದಿಕೆ: ಮಾರ್ಷ್‌ಮ್ಯಾಲೋ ಫಾಂಡಂಟಾ, ರೆಡಿ ಪ್ಯಾಕೆಟ್ಟಾ, ಬರೀ ಕ್ರೀಮಾ?

ಅಕ್ಕನ ಮಗಳಿಗೆ ಐದು ತುಂಬುವ ಹೊತ್ತಿಗೆ ಫೋನಿನಲ್ಲೇ ಆರ್ಡರ್ ಬಂತು. “ಚಿಕ್ಕಮ್ಮ, ಕೇಕ್ ಮೇಲೆ ಆನೆ ಬೇಕು. ಕೂತಿರೋ ಆನೆ. ನೀಲಿ ಬಣ್ಣದ್ದು.”

ನಿಂತಿರುವ ಆನೆಯ ಚಿತ್ರವಾದರೆ ಕ್ರೀಮಿನಲ್ಲೇ ಹೇಗೋ ಬಿಡಿಸಬಹುದು. ಕೂತಿರುವ ಆನೆಗೆ ಹೊಟ್ಟೆ ಬೇಕು, ಸೊಂಡಿಲು ಬೇಕು, ಎರಡು ಕಾಲು ಮುಂದಕ್ಕೆ ಚಾಚಿರಬೇಕು. ಅಂದರೆ ಫಾಂಡಂಟೇ ಗತಿ.

ಫಾಂಡಂಟ್ ಅಂದರೆ ಸಕ್ಕರೆಯ ಹಿಟ್ಟು ಅಂದುಕೊಳ್ಳಿ. ನಾದಬಹುದು, ಲಟ್ಟಿಸಿ ಕೇಕಿಗೆ ಹೊದಿಸಬಹುದು, ಬೊಂಬೆ ಮಾಡಬಹುದು. ರೆಡಿ ಪ್ಯಾಕೆಟ್ ಸಿಗುತ್ತದೆ. ಮನೆಯಲ್ಲಿ ಮಾಡಬೇಕೆಂದರೆ ಸುಲಭದ ದಾರಿ ಮಾರ್ಷ್‌ಮ್ಯಾಲೋ (ಹತ್ತಿಯಂತೆ ಮೆತ್ತಗಿನ ಸಕ್ಕರೆ ಮಿಠಾಯಿ) ಕರಗಿಸಿ ಐಸಿಂಗ್ ಶುಗರ್ (ಹಿಟ್ಟಿನಷ್ಟು ನುಣ್ಣಗಿನ ಸಕ್ಕರೆ ಪುಡಿ) ಸೇರಿಸಿ ನಾದುವುದು. ವೀಡಿಯೋಗಳಲ್ಲಿ ಇದನ್ನು ನೋಡಿದವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: “ಇದನ್ನೇ ಮಾಡ್ಲಾ, ಅಥವಾ ಪ್ಯಾಕೆಟ್ ತರ್ಲಾ?” ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಕೇಕ್ ತಿನ್ನುವವರು ಯಾರು? ಅದು ಎಷ್ಟು ದೂರ ಹೋಗಬೇಕು? ಒಳಗಿನ ಕೇಕ್ ಯಾವುದು? ಫೋಟೋದಲ್ಲಿ ಹೇಗೆ ಕಾಣುತ್ತೆ ಅನ್ನೋದು ನಾಲ್ಕನೆಯದು. ಹೆಚ್ಚಿನವರು ಅಲ್ಲಿಂದ ಶುರು ಮಾಡಿ ಎಡವುತ್ತಾರೆ.

ತಿನ್ನುವವರು ಯಾರು

ಈ ಮಾತು ಮೊದಲೇ ಹೇಳಿಬಿಡುತ್ತೇನೆ. ಮಾಮೂಲಿ ಮಾರ್ಷ್‌ಮ್ಯಾಲೋದಲ್ಲಿ ಜೆಲಟಿನ್ ಇರುತ್ತದೆ. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು. ಮೊಟ್ಟೆ ಹಾಕದೆ, ಮೊಸರು ಹಾಕಿ, ಅಷ್ಟು ಜೋಪಾನವಾಗಿ ಎಗ್‌ಲೆಸ್ ಕೇಕ್ ಮಾಡಿ, ಮೇಲೆ ಜೆಲಟಿನ್ ಹೊದಿಸಿದರೆ ಏನು ಬಂತು? ಮನೆಯಲ್ಲಿ ಅತ್ತೆ, ಅಜ್ಜಿ ಯಾರಾದರೂ ಸಸ್ಯಾಹಾರಿಗಳಿದ್ದರೆ ಪ್ಯಾಕೆಟ್ ಮೇಲಿನ ಗುರುತು ನೋಡಿಯೇ ಕೊಳ್ಳಿ. ಹಸಿರು ಚುಕ್ಕೆಯಾ, ಕಂದು ಗುರುತಾ? ಕಂದು ಇದ್ದರೆ ಅವರಿಗೆ ಹೇಳಿ. ಗೊತ್ತಿಲ್ಲದೆ ತಿನ್ನಿಸುವುದು ಬೇಡ.

ಹಸಿರು ಚುಕ್ಕೆಯ ಮಾರ್ಷ್‌ಮ್ಯಾಲೋನೂ ಸಿಗುತ್ತದಲ್ಲ ಅನ್ನಬಹುದು. ಸಿಗುತ್ತದೆ. ಆದರೆ ಅಗರ್ (ಕಡಲಪಾಚಿಯಿಂದ ತೆಗೆಯುವ, ಜೆಲಟಿನ್ ಬದಲಿಗೆ ಬಳಸುವ ಪದಾರ್ಥ) ಹಾಕಿ ಮಾಡಿದ್ದು ಜೆಲಟಿನ್‌ನ ಹಾಗೆ ಕರಗುವುದಿಲ್ಲ. ಜೆಲಟಿನ್ ಸುಮಾರು 35 ಡಿಗ್ರಿಗೇ ಕರಗಿ ಅಂಟಂಟಾಗಿ ಎಳೆಯುತ್ತದೆ. ಆ ಎಳೆತವೇ ಫಾಂಡಂಟಿನ ಜೀವ. ಅಗರ್ ಕರಗಲು 85 ಡಿಗ್ರಿ ಆಸುಪಾಸು ಬೇಕು, ಕರಗಿದರೂ ಎಳೆ ಬರುವುದಿಲ್ಲ. ನಾನು ಒಮ್ಮೆ ಹಟ ಹಿಡಿದು ಮಾಡಿದೆ. ಬಟ್ಟಲಲ್ಲಿ ಗಂಟು ಗಂಟಾದ ಪಾಕ ಉಳಿಯಿತು, ಅಷ್ಟೇ. ಅದಕ್ಕೆ ಪೂರ್ತಿ ಸಸ್ಯಾಹಾರಿ ಮನೆಗೆ ನನ್ನ ಉತ್ತರ ನೇರ: ರೆಡಿ ಫಾಂಡಂಟ್ ತನ್ನಿ. ನಮ್ಮಲ್ಲಿ ಸಿಗುವ ಹಲವು ಪ್ಯಾಕೆಟ್‌ಗಳ ಮೇಲೆ ಹಸಿರು ಚುಕ್ಕೆ ಇರುತ್ತದೆ. ಅವುಗಳಲ್ಲಿ ಜೆಲಟಿನ್ ಬದಲು ಗೋಂದಿನ ಜಾತಿಯ ಪದಾರ್ಥ ಹಾಕಿರುತ್ತಾರೆ.

ಮನೆಯಲ್ಲಿ ಮಾಡುವುದು ನಿಜಕ್ಕೂ ಅಗ್ಗವಾ?

ಅಮೆರಿಕದಲ್ಲಿರುವ ಗೆಳತಿಗೆ ಹೌದು. ಅಲ್ಲಿ ಮಾರ್ಷ್‌ಮ್ಯಾಲೋ ದಿನಸಿ ಅಂಗಡಿಯ ಮಾಮೂಲಿ ಸಾಮಾನು, ಫಾಂಡಂಟ್ ಡಬ್ಬ ದುಬಾರಿ. ನಮ್ಮಲ್ಲಿ ಮಾರ್ಷ್‌ಮ್ಯಾಲೋನೇ ದುಬಾರಿ. ಸಕ್ಕರೆ, ಕರೆಂಟು, ಒಂದು ಸಂಜೆ ಎಲ್ಲ ಲೆಕ್ಕ ಹಾಕಿದರೆ ಉಳಿಯುವುದು ಅಷ್ಟಕ್ಕಷ್ಟೇ. ಇನ್ನೊಂದು ತೊಂದರೆ ಇದೆ. ಇಲ್ಲಿ ಸುಲಭವಾಗಿ ಸಿಗುವುದು ಗುಲಾಬಿ, ಬಿಳಿ ಬೆರೆತ ಪ್ಯಾಕೆಟ್. ಬಿಳಿಯದು ಬೇಕೆಂದರೆ ಹುಡುಕಬೇಕು, ಇಲ್ಲವೇ ಕೂತು ಆರಿಸಬೇಕು. ಗುಲಾಬಿಯವು ಮಕ್ಕಳ ಹೊಟ್ಟೆ ಸೇರುತ್ತವೆ.

ಹಾಗಾದರೆ ಯಾಕೆ ಮಾಡಬೇಕು? ರುಚಿಗೆ. ರೆಡಿ ಫಾಂಡಂಟ್ ತಿಂದರೆ ಒಂದು ಥರ ಮೇಣದ ಬಾಯಿ ಆಗುತ್ತದೆ. ಮಕ್ಕಳು ಸಿಪ್ಪೆ ಸುಲಿದ ಹಾಗೆ ಸುಲಿದು ತಟ್ಟೆಯಂಚಿಗೆ ಇಡುತ್ತಾರೆ. ಮಾರ್ಷ್‌ಮ್ಯಾಲೋದ್ದು ಮೆತ್ತಗೆ, ವೆನಿಲ್ಲಾ ಪರಿಮಳದ ಮಿಠಾಯಿಯ ಹಾಗಿರುತ್ತದೆ. ಅದನ್ನು ಮಾತ್ರ ಕೇಳಿ ಹಾಕಿಸಿಕೊಂಡು ತಿನ್ನುತ್ತಾರೆ.

ಅಳತೆ ಹೀಗಿದೆ. 250 ಗ್ರಾಂ ಬಿಳಿ ಮಾರ್ಷ್‌ಮ್ಯಾಲೋ, ಒಂದೂವರೆ ದೊಡ್ಡ ಚಮಚ ನೀರು, 450 ರಿಂದ 500 ಗ್ರಾಂ ಐಸಿಂಗ್ ಶುಗರ್, ಕೈಗೆ ಹಚ್ಚಿಕೊಳ್ಳಲು ಡಾಲ್ಡಾ. ಎಲ್ಲ ಸೇರಿ ಸುಮಾರು 700 ಗ್ರಾಂ ಆಗುತ್ತದೆ. ಏಳು ಇಂಚಿನ, ಒಂದು ಕಿಲೋ ಲೆಕ್ಕದ ಕೇಕಿಗೆ ಇದು ಸರಿಹೋಗುತ್ತದೆ. ಬಟ್ಟಲಿಗೆ ಡಾಲ್ಡಾ ಸವರಿ, ಮಾರ್ಷ್‌ಮ್ಯಾಲೋ ಮತ್ತು ನೀರು ಹಾಕಿ ಮೈಕ್ರೋವೇವ್‌ನಲ್ಲಿ 30 ಸೆಕೆಂಡ್ ಇಡಿ. ತೆಗೆದು ಕಲಸಿ. ಮತ್ತೆ 30 ಸೆಕೆಂಡ್. ಎರಡು ಮೂರು ಸಲಕ್ಕೆ ಕರಗುತ್ತದೆ. ಮೈಕ್ರೋವೇವ್ ಇಲ್ಲದಿದ್ದರೆ ಕುದಿಯುವ ನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಕರಗಿಸಿ. ಆಮೇಲೆ ಸಕ್ಕರೆ ಸ್ವಲ್ಪ ಸ್ವಲ್ಪವೇ ಸೇರಿಸಿ. ಮೊದಲು ಚಮಚದಲ್ಲಿ, ಗಟ್ಟಿಯಾದ ಮೇಲೆ ಕೈಯಲ್ಲಿ.

ಮೊದಲ ಐದು ನಿಮಿಷ ಭಯವಾಗುತ್ತದೆ, ಹೇಳಿಬಿಡ್ತೀನಿ. ಹಲಸಿನ ಹಣ್ಣು ಬಿಡಿಸಲು ಕೂತ ಹಾಗೆ ಹತ್ತು ಬೆರಳಿಗೂ ಮೇಣ. ಫೋನ್ ರಿಂಗಾದರೂ ಎತ್ತುವ ಹಾಗಿಲ್ಲ. ಮದ್ದೂ ಅದೇ, ಕೈಗೆ ಎಣ್ಣೆ. ಇಲ್ಲಿ ಡಾಲ್ಡಾ. ಅಂಟುತ್ತಿದೆ ಅಂತ ಸಕ್ಕರೆ ಸುರಿಯುತ್ತಾ ಹೋಗಬೇಡಿ. ಸಕ್ಕರೆ ಜಾಸ್ತಿಯಾದರೆ ನಾಳೆ ಲಟ್ಟಿಸುವಾಗ ಒಡೆಯುತ್ತದೆ. 50 ಗ್ರಾಂ ಪಕ್ಕಕ್ಕೆ ಎತ್ತಿಟ್ಟುಕೊಂಡೇ ಶುರು ಮಾಡಿ. ಹದ ಹೇಗೆ ಅಂದರೆ, ಚಕ್ಕುಲಿ ಹಿಟ್ಟಿಗಿಂತ ಮೆತ್ತಗೆ, ಹೋಳಿಗೆ ಕಣಕಕ್ಕಿಂತ ಗಟ್ಟಿ. ಮೇಲೆ ಡಾಲ್ಡಾ ಸವರಿ, ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದ ಹಾಗೆ ಸುತ್ತಿ ಒಂದು ರಾತ್ರಿ ಹೊರಗೇ ಬಿಡಿ. ಬೆಳಿಗ್ಗೆ ಗಟ್ಟಿಯಾಗಿದ್ದರೆ ಮೈಕ್ರೋವೇವ್‌ನಲ್ಲಿ 5 ಸೆಕೆಂಡ್ ಇಟ್ಟು ನಾದಿದರೆ ಸಾಕು.

ಐಸಿಂಗ್ ಶುಗರ್ ಮಾತ್ರ ಅಂಗಡಿಯದೇ ಇರಲಿ. ಮನೆಯ ಮಿಕ್ಸಿಯಲ್ಲಿ ಎಷ್ಟು ತಿರುಗಿಸಿದರೂ ಕಣ್ಣಿಗೆ ಕಾಣದ ರವೆ ಉಳಿಯುತ್ತದೆ. ಬೆರಳಿನ ನಡುವೆ ಉಜ್ಜಿ ನೋಡಿ, ಗೊತ್ತಾಗುತ್ತದೆ. ಆ ರವೆ ಇದ್ದಲ್ಲೇ ಹಾಳೆ ಹರಿಯುವುದು. ಬೇರೆ ದಾರಿ ಇಲ್ಲದಿದ್ದರೆ ಸ್ವಲ್ಪ ಕಾರ್ನ್‌ಫ್ಲೋರ್ ಸೇರಿಸಿ ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿಯಿರಿ.

ಪ್ಯಾಕೆಟ್ ಗೆಲ್ಲುವ ಜಾಗ

ಕಪ್ಪು ಮತ್ತು ಕಡು ಕೆಂಪು. ಈ ಎರಡು ಬಣ್ಣ ಬೇಕಾದರೆ ಎರಡನೇ ಯೋಚನೆಯೇ ಬೇಡ, ರೆಡಿ ಬಣ್ಣದ ಪ್ಯಾಕೆಟ್ ತನ್ನಿ. ಬಿಳಿ ಫಾಂಡಂಟಿಗೆ ಕೆಂಪು ಜೆಲ್ ಹಾಕುತ್ತಾ ಹೋದರೆ ಗುಲಾಬಿ ಬರುತ್ತದೆ, ಕಡು ಗುಲಾಬಿ ಬರುತ್ತದೆ, ಕೊನೆಗೆ ಕೆಂಪು ಬರುವ ಹೊತ್ತಿಗೆ ಹಿಟ್ಟು ನೀರಾಗಿ ನಾಲಿಗೆ ಕಹಿಯಾಗುತ್ತದೆ. ತಿಳಿ ಬಣ್ಣಗಳಿಗೆ ಮನೆಯದು ಧಾರಾಳ ಸಾಕು. ಆದರೆ ಜೆಲ್ ಬಣ್ಣವೇ ಇರಲಿ. ಕೇಸರಿಬಾತಿಗೆ ಹಾಕುವ ನೀರು ಬಣ್ಣ ಹಾಕಿದರೆ ಹಿಟ್ಟು ಅಂಟಾಗುತ್ತದೆ.

ಎರಡನೆಯದು, ಹೊದಿಸಿದಾಗ ಬರುವ ನುಣುಪು. ರೆಡಿ ಫಾಂಡಂಟಿನಲ್ಲಿ ಗ್ಲಿಸರಿನ್, ಗ್ಲೂಕೋಸ್ ಪಾಕ ಇರುವುದರಿಂದ ಅದು ಬೇಗ ಒಣಗುವುದಿಲ್ಲ. ಮೊದಲ ಸಲ ಹೊದಿಸುವವರಿಗೆ ನಾಲ್ಕು ನಿಮಿಷ ಜಾಸ್ತಿ ಸಿಗುತ್ತದೆ. ಆ ನಾಲ್ಕು ನಿಮಿಷ ತುಂಬಾ ದೊಡ್ಡದು. ಮನೆಯದು ಅಷ್ಟರಲ್ಲಿ ಅಂಚಿನಲ್ಲಿ ಒಣಗಿ, ಮುದಿ ಆನೆಯ ಚರ್ಮದ ಹಾಗೆ ಸುಕ್ಕುಗಟ್ಟುತ್ತದೆ. ಬೆರಳ ತುದಿಗೆ ಚೂರು ಡಾಲ್ಡಾ ತಗೊಂಡು ಸುತ್ತು ಸುತ್ತು ತಿಕ್ಕಿದರೆ ಹೋಗುತ್ತದೆ. ಪೂರ್ತಿ ಅಲ್ಲ.

ನನ್ನ ಅಭ್ಯಾಸ ಈಗ ಎರಡನ್ನೂ ಬೆರೆಸುವುದು. ಅರ್ಧ ಮನೆಯದು, ಅರ್ಧ ಪ್ಯಾಕೆಟ್, ಒಟ್ಟಿಗೆ ನಾದಿ. ರುಚಿಯೂ ಉಳಿಯುತ್ತದೆ, ಸುಕ್ಕೂ ಕಡಿಮೆ. ಇದು ಕಳ್ಳ ದಾರಿ ಅಂತ ಯಾರಾದರೂ ಅಂದರೆ ಅನ್ನಲಿ.

ಲಟ್ಟಿಸುವ ಲೆಕ್ಕ

ಎಷ್ಟು ಅಗಲ ಲಟ್ಟಿಸಬೇಕು ಅನ್ನೋದಕ್ಕೆ ಅಂದಾಜು ಬೇಡ. ಕೇಕಿನ ಅಗಲಕ್ಕೆ ಎತ್ತರದ ಎರಡರಷ್ಟು ಕೂಡಿಸಿ, ಮೇಲೆ ನಾಲ್ಕೈದು ಸೆಂಟಿಮೀಟರ್ ಬಿಡಿ. 18 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಕೇಕಿಗೆ 42 ಸೆಂ.ಮೀ. ದಪ್ಪ 3 ರಿಂದ 4 ಮಿಲಿಮೀಟರ್. ಚಪಾತಿ ಮಣೆ ಸಾಲದು. ಕಟ್ಟೆಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಹೋಳಿಗೆ ಮಾಡುವ ಹಾಗೆ ಅದರ ಮೇಲೇ ಲಟ್ಟಿಸಿ. ಎತ್ತುವುದೂ ಹಾಳೆ ಸಮೇತ. ಕೇಕಿನ ಮೇಲೆ ಬೋರಲು ಹಾಕಿ, ಪ್ಲಾಸ್ಟಿಕ್ ಮೆಲ್ಲಗೆ ಸುಲಿಯಿರಿ. ಲಟ್ಟಣಿಗೆಗೆ ಸುತ್ತಿ ಎತ್ತುವ ವಿಧಾನ ವೀಡಿಯೋದಲ್ಲಿ ಚೆಂದ. ನನ್ನ ಕೈಯಲ್ಲಿ ಎರಡು ಸಲ ಹರಿದಿದೆ.

ಬದಿಗಳನ್ನು ಕೆಳಕ್ಕೆ ಎಳೆಯಬೇಡಿ. ಸೀರೆಯ ನೆರಿಗೆ ಬಿಡಿಸುವ ಹಾಗೆ ಹೊರಕ್ಕೆ ಬಿಡಿಸಿ, ಆಮೇಲೆ ಒಳಕ್ಕೆ ಒತ್ತಿ. ಗಾಳಿ ಗುಳ್ಳೆ ಎದ್ದರೆ ಚೊಕ್ಕ ಸೂಜಿಯಿಂದ ಓರೆಯಾಗಿ ಚುಚ್ಚಿ ಸವರಿ.

ಒಳಗಿನ ಕೇಕ್ ಯಾವುದು

ಪೈನಾಪಲ್ ಕೇಕ್, ಬ್ಲ್ಯಾಕ್ ಫಾರೆಸ್ಟ್, ತಾಜಾ ಮಾವಿನ ಕೇಕ್ ಆದರೆ ಇಲ್ಲಿಗೇ ನಿಲ್ಲಿಸಿ, ಫಾಂಡಂಟ್ ಬೇಡ. ಅವುಗಳಲ್ಲಿ ಕ್ರೀಮು, ಹಣ್ಣು, ಸಕ್ಕರೆ ನೀರು ಎಲ್ಲ ಇದೆ. ಫ್ರಿಜ್ಜಿನಿಂದ ಹೊರಗೆ ಇಡುವ ಹಾಗಿಲ್ಲ. ಫಾಂಡಂಟಿಗೆ ಫ್ರಿಜ್ಜೇ ಶತ್ರು. ಕ್ರೀಮಿನ ನೀರು ಕೆಳಗಿನಿಂದ ಸಕ್ಕರೆಯನ್ನು ಕರಗಿಸುತ್ತದೆ, ಫ್ರಿಜ್ಜಿನ ಪಸೆ ಮೇಲಿನಿಂದ. ಇಂಥ ಕೇಕಿಗೆ ವಿಪ್ಪಿಂಗ್ ಕ್ರೀಮೇ ಸರಿ. ಮಕ್ಕಳಿಗೆ ಇಷ್ಟ, ದೊಡ್ಡವರಿಗೆ ಹಗುರ, ತಪ್ಪಾದರೆ ಕೆರೆದು ಮತ್ತೆ ಬಳಿಯಬಹುದು. ಕ್ರೀಮ್ ಅಂಚಿನಲ್ಲಿ ಇನ್ನೂ ಚೂರು ಐಸ್ ಇರುವಾಗಲೇ ಬೀಟ್ ಮಾಡಿ. ಪೂರ್ತಿ ಕರಗಿ ಬೆಚ್ಚಗಾದ ಕ್ರೀಮ್ ಏಳುವುದಿಲ್ಲ. ಕಾರ್ಟೂನ್ ಬೇಕೇ ಬೇಕೆಂದು ಮಗು ಹಟ ಮಾಡಿದರೆ ತಿನ್ನುವ ಫೋಟೋ ಹಾಳೆ ತಂದು, ಕತ್ತರಿಸುವ ಸ್ವಲ್ಪ ಮುಂಚೆ ಅಂಟಿಸಿ.

ಫಾಂಡಂಟಿಗೆ ಬೇಕಾದ್ದು ಗಟ್ಟಿ ಕೇಕ್. ಬೆಣ್ಣೆ ಕೇಕ್, ಚಾಕೊಲೇಟ್ ಕೇಕ್, ಪ್ಲಮ್ ಕೇಕ್. ಮತ್ತು ಕೇಕಿಗೂ ಫಾಂಡಂಟಿಗೂ ನಡುವೆ ಒಂದು ಪದರ. ಆ ಪದರ ಬಟರ್‌ಕ್ರೀಮಾ, ಗನಾಶಾ?

ಬಟರ್‌ಕ್ರೀಮ್ ಸುಲಭ. 250 ಗ್ರಾಂ ಬೆಣ್ಣೆಗೆ 500 ಗ್ರಾಂ ಐಸಿಂಗ್ ಶುಗರ್, ಬಿಳಿಚಿಕೊಳ್ಳುವ ತನಕ ಬೀಟ್ ಮಾಡುವುದು. ಅಂಗಡಿಯ ಬೆಣ್ಣೆ ಸಾಮಾನ್ಯವಾಗಿ ಉಪ್ಪಿನದು, ಉಪ್ಪಿಲ್ಲದ್ದೇ ಕೇಳಿ ತನ್ನಿ. ಮನೆಯಲ್ಲಿ ಕಡೆದ ಬೆಣ್ಣೆ ಬಳಸಬಹುದಾ ಅಂತ ಅಮ್ಮ ಕೇಳಿದ್ದರು. ಅದರಲ್ಲಿ ಮಜ್ಜಿಗೆಯ ಹುಳಿಯೂ ನೀರೂ ಉಳಿದಿರುತ್ತದೆ. ಬೆಣ್ಣೆ ದೋಸೆಗೆ ಅದರಷ್ಟು ಒಳ್ಳೆಯದಿಲ್ಲ, ಕೇಕಿಗೆ ಮಾತ್ರ ಬೇಡ. ಬಟರ್‌ಕ್ರೀಮಿನ ನಿಜವಾದ ತೊಂದರೆ ಬಿಸಿಲು. ಬೆಣ್ಣೆ ಕರಗುವುದು 32-35 ಡಿಗ್ರಿಗೆ. ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನಲ್ಲೇ ಅಷ್ಟಿರುತ್ತದೆ. ಕಲಬುರಗಿ, ರಾಯಚೂರಿನ ಮಾತು ಬಿಡಿ. ಒಳಗೆ ಬೆಣ್ಣೆ ಜಾರಿದರೆ ಮೇಲಿನ ಫಾಂಡಂಟ್ ಸೊಂಟದ ಹತ್ತಿರ ಉಬ್ಬಿ ಜೋತು ಬೀಳುತ್ತದೆ.

ಅದಕ್ಕೆ ನನ್ನ ಓಟು ಗನಾಶಿಗೆ. ಚಾಕೊಲೇಟ್ ಮತ್ತು ಫ್ರೆಶ್ ಕ್ರೀಮ್, ಎರಡೇ ಸಾಮಾನು. ಡಾರ್ಕ್ ಚಾಕೊಲೇಟ್ ಆದರೆ ಎರಡು ಪಾಲಿಗೆ ಒಂದು ಪಾಲು ಕ್ರೀಮ್, ಬಿಳಿ ಚಾಕೊಲೇಟ್ ಆದರೆ ಮೂರಕ್ಕೆ ಒಂದು. ಬೇಸಿಗೆಯಲ್ಲಿ ಚಾಕೊಲೇಟ್ ಇನ್ನೂ ಸ್ವಲ್ಪ ಜಾಸ್ತಿ. ಒಂದು ಕಿಲೋ ಕೇಕಿನ ಹೊರಮೈಗೆ 300 ಗ್ರಾಂ ಡಾರ್ಕ್ ಚಾಕೊಲೇಟ್, 150 ಗ್ರಾಂ ಕ್ರೀಮ್ ಸಾಕು. ಕ್ರೀಮಿನ ಅಂಚಿನಲ್ಲಿ ಗುಳ್ಳೆ ಬರುತ್ತಿದ್ದ ಹಾಗೆ ಇಳಿಸಿ, ಹೆಚ್ಚಿದ ಚಾಕೊಲೇಟ್ ಮೇಲೆ ಸುರಿದು ಎರಡು ನಿಮಿಷ ಸುಮ್ನೆ ಬಿಡಿ. ಆಮೇಲೆ ನಡುವಿನಿಂದ ಕಲಸಿ. ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆ ಬೆಣ್ಣೆಯ ಹಾಗೆ ಬಳಿಯಲು ಬರುತ್ತದೆ. ಬಳಿದು, ಗಟ್ಟಿಯಾದ ಮೇಲೆ ಬಿಸಿ ನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಮಟ್ಟ ಮಾಡಿ. ಇಲ್ಲಿ ಉಳಿದ ಒಂದೊಂದು ಗುಂಡಿಯೂ ಫಾಂಡಂಟಿನ ಮೇಲೆ ಕಾಣುತ್ತದೆ. ಬಿಳಿ ಫಾಂಡಂಟ್ ಹೊದಿಸುವುದಾದರೆ ಕೆಳಗೆ ಬಿಳಿ ಗನಾಶೇ ಇರಲಿ. ಇಲ್ಲದಿದ್ದರೆ ಹಾಳೆ ತೆಳುವಾದಲ್ಲೆಲ್ಲ ಕಂದು ಇಣುಕುತ್ತದೆ.

ಹಾಗೆ ಮಟ್ಟ ಮಾಡಿದ ಗನಾಶ್ ಕೇಕನ್ನು ನೋಡುತ್ತಾ ನಿಂತಾಗ ಎಷ್ಟೋ ಸಲ ಅನ್ನಿಸಿದೆ, ಇದರ ಮೇಲೆ ಇನ್ನೇನೂ ಬೇಡವಲ್ಲ ಅಂತ. ನಿಮಗೂ ಹಾಗನ್ನಿಸಿದರೆ ಅಲ್ಲೇ ನಿಲ್ಲಿಸಿ. ಬೊಂಬೆ ಮಾತ್ರ ಫಾಂಡಂಟಿನದು ಮಾಡಿ ಮೇಲೆ ಕೂರಿಸಿ. ಮೊದಲ ಸಲ ಮಾಡುವವರಿಗೆ ನಾನು ಹೇಳುವುದೂ ಇದನ್ನೇ.

ಎಷ್ಟು ದೂರ ಹೋಗಬೇಕು

ನೀಲಿ ಆನೆಯ ಕಥೆ ಇಲ್ಲಿ ಬರುತ್ತದೆ. ಅಕ್ಕನ ಮನೆ ಪುತ್ತೂರು. ಮೇ ತಿಂಗಳು. ಬೆಂಗಳೂರಿನಲ್ಲಿ ರಾತ್ರಿಯೆಲ್ಲ ಕೂತು ಪೂರ್ತಿ ಮಾರ್ಷ್‌ಮ್ಯಾಲೋ ಫಾಂಡಂಟ್ ಹೊದಿಸಿ, ಆನೆಯನ್ನೂ ಅದರಲ್ಲೇ ಮಾಡಿ, ಜಾಣತನ ಅಂತ ಕೇಕನ್ನು ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಕಾರಿನ ಎಸಿ ಜೋರಾಗಿ ಹಾಕಿ ಹೊರಟೆವು. ಸಕಲೇಶಪುರ ದಾಟುವವರೆಗೂ ಏನೂ ಆಗಲಿಲ್ಲ. ಶಿರಾಡಿ ಘಾಟಿ ಇಳಿದು ಗುಂಡ್ಯದಲ್ಲಿ ಕಾಫಿಗೆ ನಿಂತಾಗ ಒಂದ್ಸಲ ನೋಡೋಣ ಅಂತ ಡಬ್ಬ ತೆಗೆದೆ. ಕರಾವಳಿಯ ಗಾಳಿ ಅಲ್ಲಿಗೇ ಬಂದಿತ್ತು. ತಣ್ಣೀರಿನ ಲೋಟದ ಹೊರಗೆ ಹನಿ ಕೂರುತ್ತದಲ್ಲ, ಹಾಗೆ ನಾನು ನೋಡನೋಡುತ್ತಾ ಕೇಕಿನ ಮೇಲೆಲ್ಲ ಹನಿ ಕೂತಿತು. ಸಕ್ಕರೆ ಆ ನೀರನ್ನು ಕುಡಿಯಿತು. ಉಪ್ಪಿನಂಗಡಿ ತಲುಪುವಷ್ಟರಲ್ಲಿ ಸೊಂಡಿಲು ಹೊಟ್ಟೆಯ ಮೇಲೆ ಬಿದ್ದಿತ್ತು, ಕೇಕಿನ ಬದಿಯಲ್ಲಿ ನೀಲಿ ಗೆರೆ ಇಳಿದಿತ್ತು. ಮಗು ನೋಡಿ ಹೇಳಿದ್ದು, “ಆನೆ ಸ್ನಾನ ಮಾಡಿದೆ!” ಅಷ್ಟಕ್ಕೆ ಬಚಾವಾದೆ.

ತಪ್ಪು ಮೂರು ಮಾಡಿದ್ದೆ. ಫಾಂಡಂಟ್ ಹೊದಿಸಿದ ಮೇಲೆ ಫ್ರಿಜ್ಜಿಗೆ ಇಟ್ಟಿದ್ದು. ತಣ್ಣಗಿದ್ದ ಡಬ್ಬವನ್ನು ಸೆಕೆಗಾಳಿಯಲ್ಲಿ ತೆಗೆದಿದ್ದು. ಬೊಂಬೆಗೆ ಸಿಎಂಸಿ ಪುಡಿ (ಫಾಂಡಂಟನ್ನು ಗಟ್ಟಿ ಮಾಡುವ ಗೋಂದಿನಂಥ ಪುಡಿ) ಹಾಕದೇ ಇದ್ದಿದ್ದು. ಮೂರನೆಯದೇ ಸೊಂಡಿಲನ್ನು ಬೀಳಿಸಿದ್ದು. ಬೇಕಿಂಗ್ ಸಾಮಾನಿನ ಅಂಗಡಿಯಲ್ಲಿ ಈ ಪುಡಿ ಸಿಗುತ್ತದೆ. 250 ಗ್ರಾಂ ಫಾಂಡಂಟಿಗೆ ಒಂದು ಸಣ್ಣ ಚಮಚ ಹಾಕಿ ನಾದಿ, ಎರಡು ಮೂರು ದಿನ ಮೊದಲೇ ಬೊಂಬೆ ಮಾಡಿ ಫ್ಯಾನ್ ಗಾಳಿಗೆ ಒಣಗಿಸಿದರೆ ಗಟ್ಟಿಯಾಗುತ್ತದೆ. ಬಿಸಿಲಿಗೆ ಇಡಬೇಡಿ, ಗುಲಾಬಿ, ನೇರಳೆ ಬಣ್ಣ ಮಾಸುತ್ತವೆ. ತಲೆ, ಸೊಂಡಿಲು ನಿಲ್ಲಿಸಲು ಟೂತ್‌ಪಿಕ್ ಬದಲು ಬೇಯಿಸದ ಸ್ಪಗೆಟ್ಟಿ ಕಡ್ಡಿ ಚುಚ್ಚಿ. ಮಗು ಕಚ್ಚಿದರೂ ಟೂತ್‌ಪಿಕ್ಕಿನಷ್ಟು ಅಪಾಯವಿಲ್ಲ.

ಈಗ ಘಾಟಿ ಇಳಿಯುವ ಕೇಕ್ ಆದರೆ ಗನಾಶ್ ಬಳಿದ ಕೇಕ್ ಒಂದು ಡಬ್ಬ, ಒಣಗಿದ ಬೊಂಬೆ ಇನ್ನೊಂದು ಡಬ್ಬ. ಜೋಡಿಸುವುದು ಅಲ್ಲಿ ಹೋಗಿ. ಆದರೂ ಫಾಂಡಂಟ್ ಬೆವರಿದರೆ ಬಟ್ಟೆಯಲ್ಲಿ ಒರೆಸಬೇಡಿ, ಕಲೆ ಆಗುತ್ತದೆ. ಮುಟ್ಟದೆ ದೂರದಿಂದ ಫ್ಯಾನ್ ಹಾಕಿ ಬಿಡಿ, ತಾನೇ ಒಣಗುತ್ತದೆ.

ಡಿಸೆಂಬರಿನಲ್ಲಿ ಬೆಂಗಳೂರಿನ ಕೇಕ್ ಶೋ ನೋಡಿ ಬಂದು “ಅವರು ಆಳೆತ್ತರ ನಿಲ್ಲಿಸ್ತಾರೆ, ನಮ್ಮದು ಯಾಕೆ ನಿಲ್ಲಲ್ಲ” ಅಂತ ಬೇಜಾರಾಗುವವರಿದ್ದಾರೆ. ಅವು ಪ್ರದರ್ಶನಕ್ಕೆ ಅಂತಲೇ ಮಾಡಿದ, ಒಳಗೆ ಆಸರೆ ಕೊಟ್ಟ ಸಕ್ಕರೆ ಕೆಲಸ. ನಮ್ಮದು ಸಂಜೆ ಏಳಕ್ಕೆ ಕತ್ತರಿಸಿ ತಿನ್ನುವಂಥದ್ದು.

ನಮ್ಮದೇ ಒಂದು ಹೊದಿಕೆ

ಗೋಡಂಬಿ. ಗೋವಾ, ಮಂಗಳೂರು ಕಡೆಯ ಕ್ರಿಸ್‌ಮಸ್ ತಿಂಡಿಗಳಲ್ಲಿ ಮಾರ್ಜಿಪಾನನ್ನು (ಬಾದಾಮಿ ಪುಡಿ, ಸಕ್ಕರೆ ಕಲಸಿ ಮಾಡುವ ಮಿಠಾಯಿ) ಬಾದಾಮಿಯ ಬದಲು ಗೋಡಂಬಿಯಲ್ಲಿ ಮಾಡುವುದುಂಟು. ಗೋಡಂಬಿ ಬರ್ಫಿ ಮಾಡಲು ಬರುವವರಿಗೆ ಇದೇನೂ ಹೊಸದಲ್ಲ. ಒಂದು ಲೋಟ ಗೋಡಂಬಿ ಪುಡಿ, ಅರ್ಧ ಲೋಟ ಸಕ್ಕರೆಯ ಒಂದೆಳೆ ಪಾಕ, ಬಿಸಿ ಇರುವಾಗಲೇ ನಾದಿ ಲಟ್ಟಿಸುವುದು. ಪೂರ್ತಿ ಕೇಕಿಗೆ ಹೊದಿಸಲು ಬರುವುದಿಲ್ಲ, ಅಂಚಿನಲ್ಲಿ ಬಗ್ಗಿಸಿದರೆ ಬಿರುಕು ಬಿಡುತ್ತದೆ. ಆದರೆ ಮೇಲೊಂದು ದುಂಡನೆಯ ಹಾಳೆ, ಅದೇ ಹಿಟ್ಟಿನ ಹೂವು, ಎಲೆ ಮಾಡಬಹುದು. ಜೆಲಟಿನ್ ಇಲ್ಲ, ಮೊಟ್ಟೆ ಇಲ್ಲ. ತಟ್ಟೆಯಂಚಿನಲ್ಲಿ ಉಳಿಯುವ ಪ್ರಶ್ನೆಯೇ ಇಲ್ಲ. ನಮ್ಮತ್ತೆಯ ಅರವತ್ತಕ್ಕೆ ಇದನ್ನೇ ಮಾಡಿದ್ದೆ. ಅವರು ಕೇಕ್ ಬಿಟ್ಟು ಹೂವಷ್ಟನ್ನೇ ತಿಂದರು. ಖರ್ಚು ಮಾತ್ರ ಕೇಳಬೇಡಿ.

ಉಳಿದ ಮಾರ್ಷ್‌ಮ್ಯಾಲೋ ಫಾಂಡಂಟನ್ನು ಎಸೆಯಬೇಡಿ. ಡಾಲ್ಡಾ ಸವರಿ, ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿ, ಗಾಳಿಯಾಡದ ಡಬ್ಬದಲ್ಲಿ ಹೊರಗೇ ಇಟ್ಟರೆ ಎರಡು ಮೂರು ವಾರ ಇರುತ್ತದೆ. ಡಬ್ಬದ ಮೇಲೆ ತಾರೀಖು ಬರೆಯಿರಿ. ಮೇಲಿನ ಶೆಲ್ಫಿನಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ನಮ್ಮನೆಯಲ್ಲಿ ಒಂದು ಉಂಡೆ ಒಂದೇ ಮಧ್ಯಾಹ್ನದಲ್ಲಿ ಏಳು ಹಾವು, ಒಂದು ಶಿವಲಿಂಗ ಆಗಿ ಸೋಫಾಕ್ಕೆ ಅಂಟಿತ್ತು.